ಅಪ್ಪಣೆ ಬಾರದ ಎರಡು ದಿನ

ಶನಿವಾರ ಮಧ್ಯಾಹ್ನ ಯತ್ತಪ್ಪ ಅಕ್ಕನ ಮನೆಗೆ ಬಂದಾಗ ಎಲ್ಲರೂ ನಗುತ್ತಿದ್ದರು.

ಹಿರಿಯೂರು ಕಡೆಯ ಹರಿಯಬ್ಬೆಯಿಂದ ಒಂದು ಮೈಲಿ ಆಚೆಗಿನ ಹಟ್ಟಿ ಅದು. ಬಸ್ಸಿಳಿದು ಶೇಂಗಾ ಹೊಲದ ಬದುವಿನ ಮೇಲೆ ನಡೆದು ಬರಬೇಕು. ೧೯೭೭ರ ಆಗಸ್ಟ್ ತಿಂಗಳು. ವಾರವೆಲ್ಲ ಜಿನುಗಿದ ಮಳೆ ಹಿಂದಿನ ದಿನವಷ್ಟೇ ನಿಂತಿತ್ತು. ಬಿಸಿಲು ಎಷ್ಟು ಸ್ವಚ್ಛವಾಗಿತ್ತೆಂದರೆ ದೂರದ ಬೇಲಿಯ ಮುಳ್ಳನ್ನೂ ಎಣಿಸಬಹುದಿತ್ತು.

ಯತ್ತಪ್ಪ ಚಿತ್ರದುರ್ಗದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ. ಸುತ್ತಲಿನ ಹಟ್ಟಿಗಳಲ್ಲಿ ಎಂ.ಎಸ್ಸಿ. ಮಾಡಿದ ಮೊದಲನೆಯವನು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಸಾಕಿದವಳು ಅಕ್ಕ ಮುದ್ದಕ್ಕ. ಮದುವೆಯಾಗಿ ಈ ಮನೆಗೆ ಬರುವಾಗ ತಮ್ಮನನ್ನೂ ಕೈಹಿಡಿದು ಕರೆತಂದಿದ್ದಳು. ಅವಳ ಗಂಡ ಚಿತ್ತಯ್ಯ ಅದಕ್ಕೊಂದು ಮಾತು ಆಡಿರಲಿಲ್ಲ. ಹಳ್ಳ ತುಂಬಿದ ದಿನಗಳಲ್ಲಿ ಆ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆ ಮುಟ್ಟಿಸಿ, ಆಮೇಲೆ ಕುರಿ ಬಿಡುತ್ತಿದ್ದ.

"ನೀನು ನಿನ್ನೆ ಬರ್ಬೇಕಿತ್ತು ನೋಡಪ್ಪ," ಎಂದಳು ಮುದ್ದಕ್ಕ, ಕೈತೊಳೆಯಲು ನೀರು ಕೊಡುತ್ತಾ. "ನಾವು ಮೂರು ಜನಾನೂ ಬೇಲಿ ಸಾಲಿಗೆ ಕುಂತಿದ್ವಿ. ಮ್ಯಾಲೂ ಕೆಳಗೂ ಒಂದೇ ಸಮ. ಮಾವ ಒಬ್ರೇ ಚೊಂಬು ಹಿಡ್ಕಂಡು ಓಡಾಡಿದ್ದು."

ಮಾವ ಎಂದರೆ ಚಿತ್ತಯ್ಯನ ತಂದೆ, ಎಪ್ಪತ್ತು ದಾಟಿದ ಜುಂಜಣ್ಣ. ಕಂಬಳಿ ಹಾಸಿ ಕುಳಿತಿದ್ದ ಮುದುಕ ಬೊಚ್ಚುಬಾಯಲ್ಲಿ ನಕ್ಕ. "ನಂಗೆ ಅಣಬೆ ವಾಸ್ನೇನೇ ಆಗಲ್ಲ. ಅದಕ್ಕೆ ಉಳ್ಕಂಡೆ. ಜುಂಜಪ್ಪಂಗೆ ಹರಕೆ ಕಟ್ಟಿದ ಮ್ಯಾಲೆ ನಿಂತ್ಕಂತು."

ಹತ್ತು ವರ್ಷದ ಮಗಳು ಜಯಕ್ಕ ಕುರಿಮರಿಯೊಂದನ್ನು ತಬ್ಬಿಕೊಂಡು ಅಮ್ಮ ವಾಂತಿ ಮಾಡಿದ ರೀತಿಯನ್ನು ನಟಿಸಿ ತೋರಿಸಿದಳು. ಮತ್ತೆ ನಗು.

ಯತ್ತಪ್ಪ ಕೈತೊಳೆಯುವುದನ್ನು ಮರೆತ. "ಅಣಬೆ ತಿಂದಿದ್ದು ಯಾವಾಗ?"

"ಗುರುವಾರ. ಹೊತ್ತು ಮುಳುಗೋಕೆ ಮುಂಚೆ."

"ವಾಂತಿ ಶುರುವಾಗಿದ್ದು?"

"ಬೆಳಗ್ಗೆ ಎದ್ದ ಮ್ಯಾಲೆ. ರಾತ್ರಿಯೆಲ್ಲ ಚಂದಾಗಿ ಮಲಗಿದ್ವಲ್ಲ."

ಅವನು ಮನಸ್ಸಿನಲ್ಲೇ ಗಂಟೆ ಲೆಕ್ಕ ಹಾಕಿದ. ತಿಂದ ಸ್ವಲ್ಪ ಹೊತ್ತಿಗೇ ವಾಂತಿ ಮಾಡಿಸುವ ಅಣಬೆ ಸಾಮಾನ್ಯವಾಗಿ ಹೊಟ್ಟೆಯನ್ನಷ್ಟೇ ಕಾಡಿ ಬಿಡುತ್ತದೆ. ಹೊಟ್ಟೆಯೊಳಗೆ ಹತ್ತು ಹನ್ನೆರಡು ಗಂಟೆ ಸುಮ್ಮನಿದ್ದು ಆಮೇಲೆ ಏಳುವ ಅಣಬೆ ಬೇರೆಯದು.

"ಎಲ್ಲಿ ಕಿತ್ತೆ ಅಕ್ಕ?"

"ಹುಣಸೆಮರದ ಕೆಳಗೆ. ಹೋದ ವರ್ಷ ನೀನೇ ತೋರ್ಸಿದ್ಯಲ್ಲ, ಬಿಳೀ ಕೊಡೆಯವು ಒಳ್ಳೇವು ಅಂತ? ಅದೇ ಜಾಗ. ಇನ್ನೂ ಒಂದು ಹಿಡಿ ಒಣಗಾಕಿದೀನಿ, ನಿಂಗೇ ಅಂತ."

ಅವಳು ಮೊರ ತಂದು ಮುಂದಿಟ್ಟಳು. ಯತ್ತಪ್ಪ ಒಂದನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದ. ಕೊಡೆಯ ಮೇಲೆ ಕಂದು ಬಣ್ಣದ ಸಣ್ಣ ಸಿಪ್ಪೆಗಳು, ಅಡಿಯಲ್ಲಿ ಬಿಳಿಯ ಪದರಗಳು, ಕಾಲಿಗೆ ದಾರ ಕಟ್ಟಿದಂಥ ಒಂದು ಉಂಗುರ. ಹೋದ ವರ್ಷ ಅವನು ತೋರಿಸಿದ್ದು ಹುತ್ತದಿಂದ ಏಳುವ ಅಣಬೆ. ಅದಕ್ಕೆ ಮಣ್ಣಿನಾಳಕ್ಕೆ ಇಳಿಯುವ ಉದ್ದನೆಯ ಬೇರಿನಂಥ ಕಾಲಿರುತ್ತದೆ. ಕಾಲನ್ನು ಅಗೆದು ನೋಡಬೇಕೆಂದು ಅವನು ಹೇಳಿರಲಿಲ್ಲ. ಓದಿದವನ ಗತ್ತಿನಲ್ಲಿ 'ಬಿಳೀ ಕೊಡೆ' ಎಂದಷ್ಟೇ ಹೇಳಿ ಊಟಕ್ಕೆ ಕುಳಿತಿದ್ದ.

ಮೈಸೂರಿನಲ್ಲಿ ಓದುವಾಗ ಈ ಜಾತಿಯ ಅಣಬೆಯ ವಿಷದ ಬಗ್ಗೆ ಒಂದು ಲೇಖನವನ್ನು ಕೈಬರಹದಲ್ಲಿ ನಕಲು ಮಾಡಿಕೊಂಡಿದ್ದ. ಪ್ರಯೋಗಾಲಯದವರಿಗೆ ಅದು ಉಪಯೋಗದ ವಿಷ. ಜೀವಕೋಶದಲ್ಲಿ ಮೂರು ಮುಖ್ಯ ಬಗೆಯ ಆರ್‌ಎನ್‌ಎಗಳಿವೆ. ಒಂದು, ಕೋಶಕೇಂದ್ರದ ಡಿಎನ್‌ಎಯಿಂದ ಆದೇಶವನ್ನು ನಕಲು ಮಾಡಿಕೊಂಡು ಹೊರಗೆ ಒಯ್ಯುವ ಸಂದೇಶವಾಹಕ. ಇನ್ನೊಂದು, ರೈಬೋಸೋಮ್ ಎಂಬ ಕಾರ್ಖಾನೆಯ ಮೈಯೇ ಆಗಿರುವಂಥದ್ದು. ಮೂರನೆಯದು, ಅಮೈನೋ ಆಮ್ಲಗಳನ್ನು ಒಂದೊಂದಾಗಿ ಆ ಕಾರ್ಖಾನೆಗೆ ಹೊತ್ತು ತರುವಂಥದ್ದು. ಅಣಬೆಯ ವಿಷ ಕೊಂಚವೇ ಸಾಕು, ಮೊದಲನೆಯದರ ತಯಾರಿ ನಿಂತುಹೋಗುತ್ತದೆ. ಉಳಿದ ಎರಡನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ. ಈ ಗುಣವನ್ನು ಅವನು ತರಗತಿಯಲ್ಲಿ ಬಹಳ ಸೊಗಸಾದ ಸಂಗತಿ ಎಂಬಂತೆ ಹೇಳುತ್ತಿದ್ದ. ಲೇಖನದ ಕೊನೆಯಲ್ಲಿ ಎರಡೇ ಸಾಲು ಮನುಷ್ಯರ ಬಗ್ಗೆ ಇತ್ತು: ವಾಂತಿ ಭೇದಿ ನಿಂತ ಮೇಲೆ ರೋಗಿ ಒಂದೆರಡು ದಿನ ಪೂರ್ತಿ ಗುಣವಾದಂತೆ ಕಾಣುತ್ತಾನೆ, ಆ ಹೊತ್ತಿನಲ್ಲೇ ಪಿತ್ತಜನಕಾಂಗ ಸಾಯುತ್ತಿರುತ್ತದೆ.

ಅವನು ತಲೆಯೆತ್ತಿ ನೋಡಿದ. ಅಕ್ಕನ ಕೆನ್ನೆಯಲ್ಲಿ ಕೆಂಪಿತ್ತು. ಜಯಕ್ಕ ಕುಣಿಯುತ್ತಿದ್ದಳು. ಚಿತ್ತಯ್ಯ ಒಂದು ಟಗರನ್ನು ಕೊಂಬು ಹಿಡಿದು ನೆಲಕ್ಕೆ ಕೆಡವಿ ಅದರ ಗೊರಸು ಕೆರೆಯುತ್ತಿದ್ದ. ಮೂವರೂ ಅವನ ಕಣ್ಣೆದುರೇ ಓಡಾಡುತ್ತಿದ್ದರು, ಮೂವರ ಒಳಗೂ ಹೊಸ ಅಪ್ಪಣೆ ಹೊರಡುವುದು ನಿಂತುಹೋಗಿರಬಹುದು.

"ಏಳ್ರಿ ಎಲ್ಲಾರೂ. ಹಿರಿಯೂರಿಗೆ ಹೋಗಾಣ. ಆಸ್ಪತ್ರೆಗೆ."

"ಯಾರಿಗೇನಾತು?" ಎಂದ ಚಿತ್ತಯ್ಯ.

"ನಿಮಗೇ ಭಾವ. ಆ ಅಣಬೆ ಕೆಟ್ಟದ್ದು. ಇನ್ನೂ ಒಳಗೈತೆ."

ಚಿತ್ತಯ್ಯ ಟಗರನ್ನು ಬಿಟ್ಟು ಎದ್ದು ನಿಂತ. "ನೋಡೋ ಯತ್ತಪ್ಪ, ನಿನ್ನೆ ಹೊಟ್ಟೆ ಹಿಡ್ಕಂಡು ಬಿದ್ದಿದ್ನಲ್ಲ, ಆಗ ಕರೆದಿದ್ರೆ ಗಾಡಿಯಾಗೆ ಹಾಕ್ಕಂಡು ಹೋಗು ಅಂತಿದ್ದೆ. ಇವತ್ತು ಕಲ್ಲು ತಿಂದ್ರೂ ಅರಗ್ತೈತೆ. ಎರಡು ದಿನದಿಂದ ಕುರಿ ಹೊಟ್ಟೆಗಿಲ್ಲದೆ ಕೂಗ್ತಾವೆ. ಅವುನ್ನ ಯಾರು ನೋಡ್ತಾರೆ?"

"ಭಾವ, ಇವತ್ತು ಚೆನ್ನಾಗಿರೋದೇ ಭಯ..."

"ಚೆನ್ನಾಗಿರೋದು ಭಯಾನಾ?" ಚಿತ್ತಯ್ಯ ತಂದೆಯ ಕಡೆ ನೋಡಿ ನಕ್ಕ. "ಕೇಳಿಸ್ಕಂಡ್ಯಾ ಅಪ್ಪ?"

ಸಾಯುತ್ತೀರಿ ಎಂಬ ಮಾತು ಯತ್ತಪ್ಪನ ನಾಲಿಗೆ ತುದಿಗೆ ಬಂದಿತ್ತು. ಭಾವನ ಹೆತ್ತ ತಂದೆ ಅಲ್ಲೇ ಕುಳಿತಿದ್ದ. ಅಂಗಳದಲ್ಲಿ ನಿಂತು ಅಂಥ ಮಾತನ್ನು ಬಾಯಿಬಿಟ್ಟು ಆಡಲು ಅವನಿಗೆ ಆಗಲಿಲ್ಲ. ಅವನು ಅಕ್ಕನ ಕೈ ಹಿಡಿದುಕೊಂಡ. ಅವಳು ಅವನ ಮುಖ ನೋಡಿದಳು.

"ನನ್ ತಮ್ಮ ಸುಮ್ ಸುಮ್ನೆ ಹೆದರೋನಲ್ಲ," ಎಂದಳು ಮುದ್ದಕ್ಕ. "ನಾನೂ ಮಗೂನೂ ಹೋಗಿ ತೋರಿಸ್ಕಂಡು ಬರ್ತೀವಿ. ನೀವು ಸೋಮವಾರ ಬರ್ರಿ."

ಚಿತ್ತಯ್ಯ ಕಂಬಳಿ ಹೆಗಲಿಗೆ ಹಾಕಿ ಮಂದೆ ಹೊಡೆದುಕೊಂಡು ಹೊರಟ. ಬದುವಿನ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ಕೈಯೆತ್ತಿದ.

ನಾಲ್ಕು ಗಂಟೆಯ ಬಸ್ಸು ಹಿಡಿದು ಅವರು ಹಿರಿಯೂರು ಸೇರಿದಾಗ ಇನ್ನೂ ಬೆಳಕಿತ್ತು. ಆಸ್ಪತ್ರೆಯ ಡಾಕ್ಟರು ಶಿವಕುಮಾರಪ್ಪ ಕಣ್ಣು, ನಾಲಿಗೆ, ಹೊಟ್ಟೆ ಎಲ್ಲ ನೋಡಿ, "ಏನೂ ಕಾಣ್ಸಲ್ಲವಲ್ರೀ ಮೇಷ್ಟ್ರೇ," ಎಂದರು. ಯತ್ತಪ್ಪ ಕರ್ಚೀಫಿನಲ್ಲಿ ಕಟ್ಟಿ ತಂದ ಅಣಬೆಯನ್ನು ಮೇಜಿನ ಮೇಲಿಟ್ಟು ಗಂಟೆಗಳ ಲೆಕ್ಕ ಹೇಳಿದ. ಡಾಕ್ಟರು ಅಣಬೆ ನೋಡಲಿಲ್ಲ, ಅವನ ಮುಖ ನೋಡಿದರು. ಆಮೇಲೆ ಬಾಗಿಲು ಮುಂದೆ ಮಾಡಿದರು.

"ಓದಿದೀನಿ. ಕಣ್ಣಾರೆ ಕಂಡಿಲ್ಲ. ನೀವು ಹೇಳೋದು ನಿಜ ಆಗಿದ್ರೆ ಇದಕ್ಕೆ ಇಂಥದ್ದೇ ಅನ್ನೋ ಮದ್ದಿಲ್ಲ. ಗ್ಲೂಕೋಸು, ಸಲೈನು, ಪೆನಿಸಿಲಿನ್ ಕೊಡಾಣ. ಮೂತ್ರ ಚೆನ್ನಾಗಿ ಹೋಗ್ತಿರಬೇಕು, ವಿಷ ಆ ದಾರೀಲೇ ಹೊರಗೆ ಹೋಗೋದು. ಇನ್ನೊಬ್ರು ಇದಾರೆ ಅಂದ್ರಲ್ಲ, ಅವರನ್ನೂ ಕರೆಸ್ರಿ."

ಭಾನುವಾರ ಬೆಳಗ್ಗೆ ಮೊದಲ ಬಸ್ಸಿನ ಕಂಡಕ್ಟರ ಕೈಯಲ್ಲಿ ಯತ್ತಪ್ಪ ಜುಂಜಣ್ಣನಿಗೆ ಹೇಳಿಕಳಿಸಿದ: ಹೇಗಾದರೂ ಮಾಡಿ ಭಾವನನ್ನು ಕರೆತನ್ನಿ.

ಆ ಭಾನುವಾರ ಅವನ ಜೀವನದಲ್ಲೇ ಅತಿ ಉದ್ದನೆಯ ದಿನವಾಗಿತ್ತು. ಮುದ್ದಕ್ಕ ಬಾಚಿ ಜಡೆ ಹಾಕಿಕೊಂಡಳು. ಜಯಕ್ಕನಿಗೂ ಹಾಕಿದಳು. ಕೈಗೆ ಚುಚ್ಚಿದ ಸೂಜಿ ತೆಗೆದ ಕೂಡಲೇ ಪಕ್ಕದ ಹಾಸಿಗೆಯ ಬಾಣಂತಿಯ ಕೂಸನ್ನು ಎತ್ತಿ ಆಡಿಸಿದಳು. ಆಯಾ ಬೋರಕ್ಕ ಗುಡಿಸುತ್ತಿದ್ದರೆ ಪೊರಕೆ ಕಸಿದುಕೊಂಡು ತಾನೇ ವಾರ್ಡಿನ ಅರ್ಧ ಗುಡಿಸಿದಳು. "ಈಯಮ್ಮಂಗೆ ಏನು ಕಾಯಿಲೆ?" ಎಂದು ಎಲ್ಲರೂ ಕೇಳುವವರೇ. ಯತ್ತಪ್ಪ ಕಿಟಕಿಯ ಬಳಿ ಕುಳಿತು ಅವಳು ನಡೆಯುವುದನ್ನು ನೋಡುತ್ತಿದ್ದ. ಅವಳು ನಕ್ಕಾಗಲೆಲ್ಲ ಅವನಿಗೆ ಎದ್ದು ಆ ಬಾಯಿ ಮುಚ್ಚಬೇಕೆನಿಸುತ್ತಿತ್ತು. ಸಂಕಟ ಪಡುತ್ತಿದ್ದರೆ ಪಕ್ಕದಲ್ಲಿ ಕುಳಿತು ತಲೆ ಒತ್ತಬಹುದಿತ್ತು. ಆರೋಗ್ಯದ ಎದುರು ಏನು ಮಾಡುವುದು?

ಮಧ್ಯಾಹ್ನ ಅವಳು ಬಂದು ಅವನೆದುರು ಕುಳಿತಳು.

"ನೀನು ಬೆಳಗ್ಗೆಯಿಂದ ನನ್ನ ಹೆಣ ನೋಡ್ದಂಗೆ ನೋಡ್ತಿದೀಯ. ಒಳಗೇನಾಗೈತೆ ಹೇಳು. ನಂಗೆ ತಿಳಿಯೋ ಹಂಗೆ ಹೇಳು."

"ನಮ್ಮ ಮೈ ಪೂರ್ತಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಮನೆಗಳಕ್ಕ. ಒಂದೊಂದು ಮನೇಲೂ ಒಂದು ಒಳಕೋಣೆ. ಆ ಕೋಣೇಲಿ ಒಂದು ದೊಡ್ಡ ಬರಹ ಐತೆ, ಹೆಂಗೆ ಬದುಕ್ಬೇಕು ಅಂತ. ಆ ಬರಹ ಕೋಣೆ ಬಿಟ್ಟು ಬರಲ್ಲ. ಅದರಾಗಿಂದ ಇವತ್ತು ಏನು ಬೇಕೋ ಆ ಮಾತನ್ನ ಮಾತ್ರ ಬರ್ಕಂಡು ಒಬ್ಬ ಹೊರಗೆ ಬರ್ತಾನೆ."

"ಗೌಡ್ರ ಅಪ್ಪಣೆ ತಳವಾರ ಬಂದು ಸಾರೋ ಹಂಗೆ."

"ಹೂಂ. ಹೊರಗೆ ಕೆಲಸ ಮಾಡೋ ಜಾಗ ಐತೆ. ಅದನ್ನ ಕಟ್ಟಿರೋದೂ ಅವನ ಜಾತಿಯೋರೇ. ಅವರು ಕದಲಲ್ಲ. ಇನ್ನೊಂದಿಷ್ಟು ಜನ ಸಾಮಾನು ಹೊತ್ತು ತರೋರು. ಇಪ್ಪತ್ತು ಥರ ಸಾಮಾನು, ಒಬ್ಬೊಬ್ಬ ಒಂದೊಂದೇ ಥರದ್ದು ತರೋದು. ಮಾತು ಬಂದ್ರೆ, ಅದರಲ್ಲಿರೋ ಸಾಲಿನ ಪ್ರಕಾರ ಸಾಮಾನು ಜೋಡಿಸಿ ಮೈಗೆ ಬೇಕಾದ್ದು ತಯಾರು ಮಾಡ್ತಾರೆ."

"ಅಣಬೆ ಅವ್ರನ್ನೆಲ್ಲ ಕೊಂದೈತಾ?"

"ಇಲ್ಲ. ಕೆಲಸದ ಜಾಗ ಹಂಗೇ ಐತೆ. ಸಾಮಾನು ಹೊರೋರೂ ಇದಾರೆ. ಆ ಮಾತು ತರ್ತಾನಲ್ಲ, ಅವನು ಹುಟ್ಟದಂಗೆ ಮಾಡೈತೆ. ಮೊದಲೇ ಹೊರಗೆ ಬಂದಿದ್ದೋರು ಒಂದಿಷ್ಟು ಜನ ಇರ್ತಾರೆ. ಅವರು ಬಹಳ ಹೊತ್ತು ಬಾಳಲ್ಲ. ಕೆಲವರು ಗಳಿಗೆ, ಕೆಲವರು ಒಂದು ದಿನ. ಅವರು ಇರೋವರೆಗೆ ಎಲ್ಲ ಸರಿಯಾಗಿ ನಡೀತಿರುತ್ತೆ."

ಮುದ್ದಕ್ಕ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅದಕ್ಕೇ ನಂಗೇನೂ ಆಗಿಲ್ಲ ಅನ್ಸೋದು," ಎಂದಳು. "ಹಳೇ ಮಾತಿನ ಮ್ಯಾಲೆ ನಡೀತೈತೆ."

"ಹೂಂ ಕಣಕ್ಕ."

"ಎಲ್ಲಾರೂ ಕೈ ಕಟ್ಕಂಡು ಬಾಗಿಲ ಕಡೆ ನೋಡ್ತಾ ನಿಂತಿರ್ತಾರೆ ಅನ್ನು. ಸಾಮಾನು ಹೊತ್ಕಂಡೇ." ಅವಳ ದನಿ ಇಳಿಯಿತು. "ಅವ್ರಿಗೆ ಗೊತ್ತಾಗ್ತೈತೇನಪ್ಪ, ಇನ್ನು ಯಾರೂ ಬರಲ್ಲ ಅಂತ?"

ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. "ವಿಷ ಪೂರ್ತಿ ಹೊರಗೆ ಹೋದ್ರೆ, ಉಳಿದಿರೋ ಮನೆಗಳಲ್ಲಿ ಮತ್ತೆ ಶುರುವಾಗುತ್ತೆ," ಎಂದಷ್ಟೇ ಹೇಳಿದ.

"ಜಯಕ್ಕ ಬರೇ ಸಾರು ಅದ್ದಿಕಂಡು ಮುದ್ದೆ ತಿಂದಿದ್ದು," ಎಂದಳು ಅವಳು. "ಅವ್ಳಿಗೆ ಕಮ್ಮಿ, ಅಲ್ವಾ?"

"ಕಮ್ಮಿ."

"ನಿಮ್ಮ ಭಾವ ಎರಡು ಸಲ ಹಾಕಿಸ್ಕಂಡ್ರು." ಅಷ್ಟು ಹೇಳಿ ಅವಳು ಎದ್ದು ಹೋಗಿ ಹಾಸಿಗೆಯಲ್ಲಿ ಮಲಗಿದಳು. ಆ ದಿನ ಮತ್ತೆ ನಗಲಿಲ್ಲ.

ಸೋಮವಾರ ಬೆಳಗ್ಗೆ ಕಿಟಕಿ ತೆರೆದಾಗ ಅವಳ ಕಣ್ಣಿನ ಬಿಳಿಭಾಗ ಅರಿಶಿನ ನೀರಿನ ಬಣ್ಣಕ್ಕೆ ತಿರುಗಿತ್ತು. ಜಯಕ್ಕನದೂ ತುಸು ಹಳದಿ. ಡಾಕ್ಟರು ಇನ್ನೊಂದು ಬಾಟಲಿ ಏರಿಸಿದರು.

ಅದೇ ದಿನ ಮೂರು ಗಂಟೆಗೆ ಜುಂಜಣ್ಣ ಶೇಂಗಾ ಮೂಟೆಯ ಲಾರಿಯೊಂದರಲ್ಲಿ ಮಗನನ್ನು ಕರೆತಂದ. ಭಾನುವಾರ ಸಂಜೆ ಚಿತ್ತಯ್ಯ ಮಂದೆಯ ಜೊತೆ ಹಟ್ಟಿಗೆ ಮರಳಿರಲಿಲ್ಲ. ಹುಡುಕುತ್ತಾ ಹೋದ ಮುದುಕನಿಗೆ ಅವನು ಸೋಮವಾರ ಬೆಳಗ್ಗೆ ಒಂದು ಜಾಲಿಮರದ ಕೆಳಗೆ ಸಿಕ್ಕಿದ್ದ. ಕುರಿಗಳು ಅವನನ್ನು ಬಿಟ್ಟು ದೂರದಲ್ಲಿ ಒತ್ತೊತ್ತಾಗಿ ನಿಂತಿದ್ದವಂತೆ. ಒಂದೂ ಹತ್ತಿರ ಬರುತ್ತಿರಲಿಲ್ಲವಂತೆ.

"ನನ್ನ ಗುರ್ತು ಹಿಡೀಲಿಲ್ಲ ಕಣಪ್ಪ," ಎಂದ ಜುಂಜಣ್ಣ. "ಗಾಳಿ ಜೊತೆ ಮಾತಾಡ್ತಿದ್ದ. 'ಮುದ್ದೀ, ನೀರು ತಾ, ಮುದ್ದೀ, ಮಗೂಗೆ ಹೊದಿಸು' ಅಂತ. ಅವ್ಳು ಎದುರಿಗೇ ಕುಂತಂಗೆ."

ಚಿತ್ತಯ್ಯನನ್ನು ಅಂಗಳದ ಆಚೆಗಿನ ಗಂಡಸರ ವಾರ್ಡಿಗೆ ಸೇರಿಸಿದರು. ಅವನು ಬಂದಿರುವ ಸುದ್ದಿಯನ್ನು ಯಾರೂ ಮುದ್ದಕ್ಕನಿಗೆ ಹೇಳಲಿಲ್ಲ. ಹೇಳಿದರೂ ತಿಳಿಯುವ ಸ್ಥಿತಿ ಅವಳದಾಗಿರಲಿಲ್ಲ. ಸಂಜೆಯ ಹೊತ್ತಿಗೆ ಹೊದಿಕೆಯನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಆಮೇಲೆ ಮಾತು ಶುರುವಾಯಿತು.

"ಬಂದೆ ಇರ್ರಿ, ನೀರು ತಂದೆ," ಎಂದಳು ಸೂರು ನೋಡುತ್ತಾ. ಸ್ವಲ್ಪ ತಡೆದಳು, ಯಾರದೋ ಮಾತು ಕೇಳಿಸಿಕೊಳ್ಳುವಂತೆ. "ಹೂಂ, ಹೊದ್ಸಿದೀನಿ. ಮಲಗೈತೆ." ಮತ್ತೆ ತಡೆದಳು. ಮತ್ತೆ ಉತ್ತರ.

ಪಿತ್ತಜನಕಾಂಗ ಕೈಕೊಟ್ಟಾಗ ರಕ್ತದಲ್ಲಿ ಉಳಿಯುವ ಕಲ್ಮಷ ಮಿದುಳಿಗೇರಿ ಹೀಗೆ ಕನವರಿಸುತ್ತಾರೆಂದು ಡಾಕ್ಟರು ಹೇಳಿದರು. ಯತ್ತಪ್ಪನಿಗೂ ಅದು ಗೊತ್ತಿತ್ತು. ಆದರೂ ಅವನು ಎದ್ದು ಅಂಗಳ ದಾಟಿ ಗಂಡಸರ ವಾರ್ಡಿನ ಬಾಗಿಲವರೆಗೆ ಹೋದ. ಒಳಗೆ ಭಾವನ ದನಿ ಕೇಳಿಸಿತು. ಒಳಗೆ ಹೋಗುವ ಧೈರ್ಯವಾಗದೆ ಹಿಂದಕ್ಕೆ ಬಂದ.

ಮಂಗಳವಾರವೂ ಅವಳು ಮಾತಾಡುತ್ತಲೇ ಇದ್ದಳು. ಬಿಸಿಲು ಹಾಸಿಗೆಯ ಕಾಲಿಗೆ ಬಂದ ಹೊತ್ತಿನಲ್ಲಿ, ಏನನ್ನೋ ಕೇಳಿ ಉತ್ತರಕ್ಕೆ ಕಾದಳು. ಬಹಳ ಹೊತ್ತು ಕಾದಳು. ಇನ್ನೊಮ್ಮೆ ಅದನ್ನೇ ಕೇಳಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಬಾಯಿ ಮುಚ್ಚಿದಳು. ಅಂಗಳದ ಆಚೆಯಿಂದ ಜುಂಜಣ್ಣನ ಅಳು ಕೇಳಿಸಿದ್ದು ಅದಾದ ಮೇಲೆ.

ಮುದುಕ ಮಗನ ಹೆಣವನ್ನು ಹಟ್ಟಿಗೆ ಒಯ್ದ. ಯತ್ತಪ್ಪ ಅಕ್ಕನನ್ನು ಬಿಟ್ಟು ಹೋಗಲಾರದೆ, ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದವನ ಮಣ್ಣಿಗೆ ಹೋಗದೆ ಉಳಿದ. ಜಯಕ್ಕನ ಹಳದಿ ಬುಧವಾರ ಇಳಿಯಿತು. ಮುದ್ದಕ್ಕ ಕಣ್ಣು ತೆರೆಯಲಿಲ್ಲ. ಉಸಿರು ಮಾತ್ರ ಇತ್ತು. ಗುರುವಾರವೂ ಹಾಗೇ. ಬೋರಕ್ಕ ತುಟಿಗೆ ಹತ್ತಿಯಲ್ಲಿ ನೀರು ಒತ್ತುತ್ತಿದ್ದಳು.

ಶುಕ್ರವಾರ ಮುಂಜಾನೆ ಅವಳು ಕಣ್ಣು ಬಿಟ್ಟು, "ಮಜ್ಜಿಗೆ ಐತಾ? ಉಪ್ಪು ಹಾಕಿ ಕೊಡು," ಎಂದಳು.

ಶಿವಕುಮಾರಪ್ಪನವರು ಹೆಸರು ಕೇಳಿದರು, ಊರು ಕೇಳಿದರು, ಬೆರಳು ತೋರಿಸಿ ಎಣಿಸಲು ಹೇಳಿದರು. ಎಲ್ಲಕ್ಕೂ ಸರಿಯಾಗಿ ಹೇಳಿದಳು. ಅವರು ಯತ್ತಪ್ಪನನ್ನು ಆಚೆ ಕರೆದು, "ಉಳಿದಿರೋ ಭಾಗ ಕೆಲಸ ಶುರು ಮಾಡೈತೆ," ಎಂದರು. ಅವನ ಬೆನ್ನು ತಟ್ಟಿ ಹೊರಟುಹೋದರು.

ಚಿತ್ತಯ್ಯನ ಸಾವನ್ನು ಯತ್ತಪ್ಪ ಎರಡು ದಿನ ತಡೆದು ಹೇಳಿದ. ಅವಳು ಅವನ ಮಾತು ಮುಗಿಯಲು ಬಿಡಲಿಲ್ಲ. "ಗೊತ್ತು. ಮಾತಾಡ್ತಾ ಮಾತಾಡ್ತಾ ನಿಲ್ಲಿಸಿಬಿಟ್ರು," ಎಂದಳು. ಆಗ ಅವನು ಹಾಸಿಗೆಯ ಅಂಚಿಗೆ ಹಣೆ ಒತ್ತಿ, ಹೋದ ವರ್ಷ ತಾನು ಅರ್ಧ ಮಾತ್ರ ಹೇಳಿದ್ದನ್ನು, ಅಗೆದು ಕಾಲು ನೋಡಬೇಕೆಂದು ಹೇಳದೆ ಬಿಟ್ಟಿದ್ದನ್ನು, ಶನಿವಾರ ಅಂಗಳದಲ್ಲಿ ಆಡಬೇಕಿದ್ದ ಮಾತನ್ನು ನುಂಗಿಕೊಂಡಿದ್ದನ್ನು ಹೇಳಿದ. ಅಕ್ಕ ಅವನ ತಲೆಯ ಮೇಲೆ ಕೈಯಿಡುತ್ತಾಳೆಂದು ಕಾದ. ಅವಳು ಇಡಲಿಲ್ಲ.

"ನೀನು ಹೇಳಿದ್ದು ಹೌದು," ಎಂದಳು. "ಕಿತ್ತಿದ್ದು ನಾನು. ಬಡಿಸಿದ್ದು ನಾನು. ಎರಡನೇ ಸಲ ಕೇಳಿದಾಗ ನಂಗೆ ಅಂತ ಇಟ್ಕಂಡಿದ್ದನ್ನೂ ಹಾಕಿದ್ದು ನಾನು. ಅದ್ರಾಗೆ ನೀನು ಎಷ್ಟು ಹೊತ್ಕಂತೀಯೋ ಹೊತ್ಕ. ನಂದು ನಂಗೆ ಬಿಡು."

ಹದಿನೈದು ದಿನದ ಮೇಲೆ ಅವನು ಅವಳನ್ನು ಹಟ್ಟಿಗೆ ಕರೆತಂದ. ಊರಿನವರು ಕುರಿಗಳನ್ನು ಹೇಗೋ ಒಟ್ಟುಗೂಡಿಸಿದ್ದರು. ಆದರೆ ಅವು ಚಿತ್ತಯ್ಯ ಹೋದಾಗಿನಿಂದ ರಾತ್ರಿ ಕೂಡುವ ಮುಳ್ಳುಬೇಲಿಯ ರೊಪ್ಪದ ಒಳಗೆ ಕಾಲಿಡುತ್ತಿರಲಿಲ್ಲ. ಜುಂಜಣ್ಣ ಕರೆದು ಕರೆದು ಗಂಟಲು ಕಟ್ಟಿಸಿಕೊಂಡಿದ್ದ. ಬಯಲಿನಲ್ಲೇ ಮಲಗುತ್ತಿದ್ದ ಮಂದೆಯಿಂದ ತೋಳ ಎರಡು ಮರಿ ಒಯ್ದಿತ್ತು.

ಮುದ್ದಕ್ಕ ಮನೆಯೊಳಗೂ ಹೋಗದೆ ನೇರ ರೊಪ್ಪದ ಬಾಗಿಲಿಗೆ ನಡೆದಳು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಬೇಲಿ ಮುಳ್ಳು ಸರಿಸಿ, ಬಯಲಿನ ಕಡೆ ಮುಖ ಮಾಡಿ ನಿಂತಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಅವಳು ಬಾಯಿ ತೆರೆದು ಕುರಿಗಳನ್ನು ಕರೆದಳು.

ಆ ಕೂಗು ಹೆಂಗಸಿನದಾಗಿರಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಮೊದಲು ಗಿಡ್ಡ, ಆಮೇಲೆ ಉದ್ದ, ಕೊನೆಗೆ ಕೆಮ್ಮಿನ ಹಾಗೆ ಒಂದು ಒಡಕು. ಆ ಒಡಕೂ ಚಿತ್ತಯ್ಯನದೇ. ಜುಂಜಣ್ಣ ಕೈಕೋಲು ಬಿಟ್ಟು ನೆಲಕ್ಕೆ ಕುಸಿದು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಜಯಕ್ಕ, "ಅಪ್ಪ!" ಎಂದು ತಿರುಗಿದಳು.

ಬಯಲಿನಲ್ಲಿ ಕುರಿಗಳು ತಲೆಯೆತ್ತಿದವು. ಒಂದು ಟಗರು ಮುಂದೆ ಬಂತು, ಅದರ ಹಿಂದೆ ಇಡೀ ಮಂದೆ ದೂಳೆಬ್ಬಿಸುತ್ತಾ ಓಡಿ ಬಂದು ಅವಳ ಎರಡೂ ಪಕ್ಕದಿಂದ ರೊಪ್ಪದೊಳಗೆ ನುಗ್ಗಿತು. ಕೊನೆಯ ಮರಿ ಒಳಗೆ ಹೋದ ಮೇಲೆ ಮುದ್ದಕ್ಕ ಮುಳ್ಳು ಎಳೆದು ಬಾಗಿಲು ಮುಚ್ಚಿದಳು.

"ಯಾವಾಗ ಕಲ್ತೆ ಅಕ್ಕ, ಅದನ್ನ?" ಎಂದು ಕೇಳಿದ ಯತ್ತಪ್ಪ.

"ಕಲೀಲಿಲ್ಲ," ಎಂದಳು ಅವಳು ತನ್ನದೇ ದನಿಯಲ್ಲಿ, ಮತ್ತು ಮಾವನನ್ನು ಎಬ್ಬಿಸಲು ಕೈನೀಡಿದಳು. "ಏಳ್ರಿ ಮಾವ. ಒಳಗೆ ಹೋಗಾಣ."